ಸಮುದ್ರನೀರಿನ ಅಕ್ವೇರಿಯಂನಲ್ಲಿ ಆಹಾರ ನೀಡಿಕೆ ಮತ್ತು ಪಾಚಿ ನಿಯಂತ್ರಣ

ಸಮುದ್ರನೀರಿನ ಅಕ್ವೇರಿಯಂ ಎಂದರೆ ಸಮುದ್ರದ ಮೀನುಗಳನ್ನೂ ಇತರ ಕಡಲಜೀವಿಗಳನ್ನೂ ಉಪ್ಪುನೀರಿನಲ್ಲಿ ಸಾಕುವ ಗಾಜಿನ ಅಥವಾ ಅಕ್ರಿಲಿಕ್‌ನ ತೊಟ್ಟಿ. ಇದರ ನಿರ್ವಹಣೆಯಲ್ಲಿ ಮೀನುಗಳಿಗೆ ಆಹಾರ ನೀಡುವುದು ಮತ್ತು ಪಾಚಿಯನ್ನು ಹತೋಟಿಯಲ್ಲಿಡುವುದು ಸಾಮಾನ್ಯವಾಗಿ ಎರಡು ಬೇರೆ ಕೆಲಸಗಳೆಂದು ಪರಿಗಣಿಸಲ್ಪಡುತ್ತವೆ. ವಾಸ್ತವವಾಗಿ ಇವೆರಡೂ ಒಂದೇ ಲೆಕ್ಕದ ಜಮೆ ಮತ್ತು ಖರ್ಚುಗಳು. ಆಹಾರದ ರೂಪದಲ್ಲಿ ತೊಟ್ಟಿಗೆ ಸೇರಿದ ಸಾರಜನಕ ಮತ್ತು ರಂಜಕವನ್ನು ಹೊರತೆಗೆಯದಿದ್ದರೆ ಅವು ಪಾಚಿಯ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ಸಮುದ್ರದಿಂದ ದೂರದಲ್ಲಿರುವ ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದಂತಹ ಊರುಗಳಲ್ಲಿ ಈ ಲೆಕ್ಕಕ್ಕೆ ಮತ್ತೊಂದು ಬಾಬು ಸೇರುತ್ತದೆ. ಅದು ಉಪ್ಪು ಕಲಸಲು ಬಳಸುವ ಕೊಳವೆಬಾವಿಯ ನೀರು.

ಹಿನ್ನೆಲೆ

ನೀರಿನ ಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿ ದೀರ್ಘಕಾಲ ಉಳಿಸಿಕೊಳ್ಳುವ ಪ್ರಯತ್ನಗಳು 19ನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನಲ್ಲಿ ಫಲ ನೀಡಿದವು. ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಮೀನು, ಜಲಸಸ್ಯ ಮತ್ತು ಬಸವನಹುಳುಗಳನ್ನು ಒಟ್ಟಿಗೆ ಇರಿಸಿದ ತನ್ನ ಸಿಹಿನೀರಿನ ಪ್ರಯೋಗವನ್ನು ವರದಿ ಮಾಡಿದನು. ಸಸ್ಯವು ಮೀನಿಗೆ ಆಮ್ಲಜನಕವನ್ನು ಒದಗಿಸುತ್ತಿತ್ತು. ಕೊಳೆಯುವ ಎಲೆಗಳನ್ನೂ ಲೋಳೆಯನ್ನೂ ಬಸವನಹುಳುಗಳು ತಿಂದು ತೊಟ್ಟಿಯನ್ನು ಶುಚಿಯಾಗಿಡುತ್ತಿದ್ದವು. ಪಾಚಿ ನಿಯಂತ್ರಣಕ್ಕೆ ಬಸವನಹುಳುವನ್ನು ಬಳಸುವ ಕ್ರಮ ಹೀಗೆ ಅಕ್ವೇರಿಯಂನಷ್ಟೇ ಹಳೆಯದು. ಲಂಡನ್ ಮೃಗಾಲಯದಲ್ಲಿ 1853ರಲ್ಲಿ ಮೊದಲ ಸಾರ್ವಜನಿಕ ಅಕ್ವೇರಿಯಂ ಆರಂಭವಾಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಪ್ರಕಟಿಸಿದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಪದ ಜನಪ್ರಿಯವಾಯಿತು.

ಭಾರತದಲ್ಲಿ 1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನು, ಡ್ಯಾಮ್ಸೆಲ್ ಮೀನು ಮೊದಲಾದ ಅಲಂಕಾರಿಕ ಕಡಲಮೀನುಗಳನ್ನು ತೊಟ್ಟಿಯಲ್ಲೇ ಮರಿಮಾಡಿಸುವ ತಂತ್ರಗಳನ್ನು ಅಭಿವೃದ್ಧಿಪಡಿಸಿದೆ. ಕರ್ನಾಟಕದಲ್ಲಿ ಮಂಗಳೂರು ಮತ್ತು ಕಾರವಾರಗಳಲ್ಲಿ ಈ ಸಂಸ್ಥೆಯ ಕೇಂದ್ರಗಳಿವೆ. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯವು 1969ರಲ್ಲಿ ಆರಂಭವಾಯಿತು.

ಆಹಾರದಿಂದ ಪಾಚಿಯವರೆಗೆ

ಮೀನು ತಿಂದ ಆಹಾರದಲ್ಲಿ ಒಂದು ಭಾಗ ಮಾತ್ರ ಅದರ ದೇಹದ ಬೆಳವಣಿಗೆಗೆ ಬಳಕೆಯಾಗುತ್ತದೆ. ಉಳಿದದ್ದು ಕಿವಿರುಗಳ ಮೂಲಕ ಅಮೋನಿಯವಾಗಿಯೂ ಮಲವಾಗಿಯೂ ನೀರಿಗೆ ಸೇರುತ್ತದೆ. ತಿನ್ನದೆ ಬಿಟ್ಟ ಆಹಾರವೂ ಕೊಳೆತು ಅಮೋನಿಯವಾಗುತ್ತದೆ. ಬಂಡೆ ಮತ್ತು ಮರಳಿನ ಮೇಲೆ ನೆಲೆಸಿರುವ ಒಂದು ಗುಂಪಿನ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೈಟ್ ಆಗಿಯೂ ಇನ್ನೊಂದು ಗುಂಪಿನವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಸಮುದ್ರನೀರಿನ ಪಿ.ಎಚ್. ಮೌಲ್ಯ 8.1ರಿಂದ 8.4ರಷ್ಟಿರುವುದರಿಂದ ಅಮೋನಿಯದ ವಿಷಕಾರಿ ರೂಪದ ಪಾಲು ಪಿ.ಎಚ್. 7 ಇರುವ ನೀರಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು. ಆದಕಾರಣ ಹೊಸ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ನೆಲೆಗೊಳ್ಳುವ ಮುನ್ನ ಹೆಚ್ಚು ಆಹಾರ ನೀಡುವುದು ಮೀನುಗಳ ಸಾವಿಗೆ ಕಾರಣವಾಗಬಲ್ಲದು.

ಬ್ಯಾಕ್ಟೀರಿಯಾಗಳು ನೆಲೆಗೊಂಡ ತೊಟ್ಟಿಯಲ್ಲಿ ಅಮೋನಿಯದ ಅಪಾಯ ತಗ್ಗುತ್ತದೆ. ಆದರೆ ನೈಟ್ರೇಟ್ ಮತ್ತು ಫಾಸ್ಫೇಟ್‌ಗಳು ನೀರಿನಲ್ಲಿ ಶೇಖರವಾಗುತ್ತಾ ಹೋಗುತ್ತವೆ. ಇವೇ ಪಾಚಿಗೆ ಗೊಬ್ಬರ. ಇವುಗಳ ಪ್ರಮಾಣವನ್ನು ಸರಳ ಲೆಕ್ಕದಿಂದ ಅಂದಾಜು ಮಾಡಬಹುದು. ಶೇಕಡ 45ರಷ್ಟು ಪ್ರೋಟೀನ್ ಇರುವ 1 ಗ್ರಾಂ ಒಣ ಆಹಾರದಲ್ಲಿ 450 ಮಿಲಿಗ್ರಾಂ ಪ್ರೋಟೀನ್ ಇರುತ್ತದೆ. ಪ್ರೋಟೀನಿನಲ್ಲಿ ಸುಮಾರು ಶೇಕಡ 16 ಸಾರಜನಕವಾದ್ದರಿಂದ ಅದರಲ್ಲಿ 72 ಮಿಲಿಗ್ರಾಂ ಸಾರಜನಕವಿದೆ. ಅದೆಲ್ಲವೂ ನೈಟ್ರೇಟ್ ಆದರೆ ಸುಮಾರು 320 ಮಿಲಿಗ್ರಾಂ ನೈಟ್ರೇಟ್ ಉಂಟಾಗುತ್ತದೆ. 100 ಲೀಟರ್ ತೊಟ್ಟಿಯಲ್ಲಿ ಇದು ಪ್ರತಿ ಲೀಟರಿಗೆ 3.2 ಮಿಲಿಗ್ರಾಂ. ಆಹಾರದಲ್ಲಿ ಶೇಕಡ 1ರಷ್ಟು ರಂಜಕವಿದ್ದರೆ ಅದೇ 1 ಗ್ರಾಂನಿಂದ ಪ್ರತಿ ಲೀಟರಿಗೆ 0.3 ಮಿಲಿಗ್ರಾಂ ಫಾಸ್ಫೇಟ್ ಸೇರುತ್ತದೆ. ಇವು ಗರಿಷ್ಠ ಮಿತಿಗಳು. ಒಂದು ಪಾಲು ಮೀನಿನ ದೇಹದಲ್ಲಿ ಉಳಿಯುತ್ತದೆ, ಇನ್ನೊಂದು ಪಾಲು ಶೋಧಕಗಳಲ್ಲಿ ಹೊರಹೋಗುತ್ತದೆ. ಆದರೂ ಹವಳವಿರುವ ತೊಟ್ಟಿಗಳಲ್ಲಿ ಫಾಸ್ಫೇಟ್ ಪ್ರತಿ ಲೀಟರಿಗೆ 0.03ರಿಂದ 0.1 ಮಿಲಿಗ್ರಾಂ ಇರಲೆಂದು ಬಯಸಲಾಗುತ್ತದೆ ಎಂಬುದನ್ನು ನೆನೆದರೆ ಒಂದು ಗ್ರಾಂ ಆಹಾರದ ತೂಕವೆಷ್ಟೆಂಬುದು ತಿಳಿಯುತ್ತದೆ.

ಮೀನುಗಳ ಆಹಾರ

ಕಡಲಮೀನುಗಳನ್ನು ಆಹಾರಪದ್ಧತಿಯ ಆಧಾರದ ಮೇಲೆ ಸ್ಥೂಲವಾಗಿ ಮೂರು ಗುಂಪುಗಳಾಗಿ ವಿಂಗಡಿಸಬಹುದು.

ಮಾಂಸಾಹಾರಿಗಳು: ಲಯನ್ ಮೀನು, ಗ್ರೂಪರ್ ಮೊದಲಾದವು. ಇವು ಸೀಗಡಿ ಮತ್ತು ಸಣ್ಣ ಮೀನುಗಳನ್ನು ತಿನ್ನುತ್ತವೆ. ಬೆಳೆದ ಮೀನುಗಳಿಗೆ ಪ್ರತಿದಿನ ಆಹಾರ ಬೇಕಾಗುವುದಿಲ್ಲ.

ಸಸ್ಯಾಹಾರಿಗಳು: ಟ್ಯಾಂಗ್ ಎಂದು ಕರೆಯಲಾಗುವ ಸರ್ಜನ್ ಮೀನುಗಳು, ಮೊಲಮೀನುಗಳು, ಕೆಲವು ಬ್ಲೆನ್ನಿಗಳು. ಇವು ಹಗಲಿಡೀ ಸ್ವಲ್ಪ ಸ್ವಲ್ಪವಾಗಿ ಮೇಯುವ ಸ್ವಭಾವದವು.

ಮಿಶ್ರಾಹಾರಿಗಳು: ಕ್ಲೌನ್ ಮೀನು, ಡ್ಯಾಮ್ಸೆಲ್ ಮೀನು, ಹಲವು ಏಂಜೆಲ್ ಮೀನುಗಳು. ಮೊದಲ ಬಾರಿಗೆ ಸಾಕುವವರಿಗೆ ಇವು ಅನುಕೂಲಕರ.

ಇವಲ್ಲದೆ ಮ್ಯಾಂಡರಿನ್ ಮೀನಿನಂತಹ ಕೆಲವು ಜಾತಿಗಳು ಬಂಡೆಗಳ ಮೇಲೆ ಹರಿದಾಡುವ ಕೋಪೆಪಾಡ್ ಎಂಬ ಸೂಕ್ಷ್ಮ ಕಠಿಣಚರ್ಮಿಗಳನ್ನೇ ನೆಚ್ಚಿಕೊಂಡಿರುತ್ತವೆ. ಅವು ಒಣ ಆಹಾರವನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ಹೊಸ ತೊಟ್ಟಿಯಲ್ಲಿ ಅವು ಹಸಿವಿನಿಂದ ಸಾಯುವುದು ಸಾಮಾನ್ಯ.

ಬಳಕೆಯಲ್ಲಿರುವ ಆಹಾರಗಳಲ್ಲಿ ಗುಳಿಗೆ ಮತ್ತು ಚಕ್ಕೆಗಳು ಸುಲಭವಾಗಿ ದೊರೆಯುತ್ತವೆ. ನೀರಿನಲ್ಲಿ ಬೇಗ ಕರಗಿ ಚದುರುವ ಚಕ್ಕೆಗಿಂತ ಗುಳಿಗೆಯಿಂದ ನಷ್ಟ ಕಡಿಮೆ. ಹೆಪ್ಪುಗಟ್ಟಿಸಿದ ಮೈಸಿಸ್ ಸೀಗಡಿ ಮತ್ತು ಆರ್ಟೀಮಿಯ ಉತ್ತಮ ಆಹಾರಗಳು. ಇವುಗಳ ತೂಕದಲ್ಲಿ ಬಹುಪಾಲು ನೀರೇ ಆಗಿರುವುದರಿಂದ ಅವನ್ನು ಒಣ ಆಹಾರದೊಂದಿಗೆ ತೂಕಕ್ಕೆ ತೂಕ ಹೋಲಿಸಲಾಗದು. ಆರ್ಟೀಮಿಯದ ಮೊಟ್ಟೆಗಳನ್ನು ಗಾಳಿಯಾಡುವ ಉಪ್ಪುನೀರಿನಲ್ಲಿ 25ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇರಿಸಿದರೆ 24ರಿಂದ 36 ಗಂಟೆಗಳಲ್ಲಿ ಮರಿಗಳು ಹೊರಬರುತ್ತವೆ. ಮರಿಗಳ ದೇಹದಲ್ಲಿರುವ ಭಂಡಾರದ ಆಹಾರ ಬೇಗ ಕರಗುವುದರಿಂದ ಹೊಸದಾಗಿ ಹೊರಬಂದವನ್ನೇ ಮೀನುಗಳಿಗೆ ನೀಡುವುದು ಲಾಭಕರ. ಸಸ್ಯಾಹಾರಿಗಳಿಗೆ ಉಪ್ಪು, ಎಣ್ಣೆ, ಮಸಾಲೆ ಬೆರೆಸದ ‘ನೋರಿ’ ಎಂಬ ಒಣ ಕಡಲಪಾಚಿಯ ಹಾಳೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಇಡಲಾಗುತ್ತದೆ.

ಕಡಲಮೀನುಗಳಿಗೆ ಇ.ಪಿ.ಎ. ಮತ್ತು ಡಿ.ಎಚ್.ಎ. ಎಂಬ ಕೊಬ್ಬಿನಾಮ್ಲಗಳು ಆಹಾರದ ಮೂಲಕವೇ ದೊರೆಯಬೇಕು. ಇವು ಕಡಲಮೂಲದ ಆಹಾರದಲ್ಲಿ ಹೇರಳವಾಗಿದ್ದು, ಕೋಳಿ ಅಥವಾ ದನದ ಮಾಂಸದಲ್ಲಿ ತೀರ ಕಡಿಮೆ. ಅಕ್ಕಿ, ಬ್ರೆಡ್ಡು, ಮಂಡಕ್ಕಿಗಳನ್ನು ಹಾಕುವ ರೂಢಿಯೂ ಇಲ್ಲಿ ಸಲ್ಲದು. ಅವು ಮೀನಿಗೆ ಪೋಷಣೆ ನೀಡದೆ ನೀರನ್ನಷ್ಟೇ ಕೆಡಿಸುತ್ತವೆ.

ಪ್ರಮಾಣ ಮತ್ತು ಸಮಯ

ಬೆಳೆದ ಮಿಶ್ರಾಹಾರಿ ಮೀನುಗಳಿಗೆ ದಿನಕ್ಕೆ ಒಂದು ಅಥವಾ ಎರಡು ಬಾರಿ, ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಆಹಾರ ಸಾಕು. ಒಮ್ಮೆಗೇ ಸುರಿಯದೆ ಚಿಟಿಕೆ ಚಿಟಿಕೆಯಾಗಿ ನೀಡಿ, ಮೊದಲಿನದು ಮುಗಿದ ಮೇಲೆ ಮತ್ತೆ ಹಾಕುವುದು ಸರಿಯಾದ ಕ್ರಮ. ಮೀನು ಗಾಜಿನ ಬಳಿಗೆ ಬಂದು ಬಾಯಿ ಆಡಿಸುವುದು ಹಸಿವಿನ ಲಕ್ಷಣವೇ ಆಗಿರಬೇಕಿಲ್ಲ. ಆಹಾರ ನೀಡುವವರನ್ನು ಗುರುತಿಸಿ ಮೀನುಗಳು ಹೀಗೆ ವರ್ತಿಸುವುದನ್ನು ರೂಢಿಸಿಕೊಳ್ಳುತ್ತವೆ. ಬೆನ್ನಿನ ಭಾಗ ಕೃಶವಾಗಿರುವುದು, ಹೊಟ್ಟೆ ಒಳಗೆ ಸೆಳೆದುಕೊಂಡಿರುವುದು ನಿಜವಾದ ಹಸಿವಿನ ಚಿಹ್ನೆಗಳು.

ಹೆಪ್ಪುಗಟ್ಟಿದ ಆಹಾರವನ್ನು ಒಂದು ಲೋಟ ಶುದ್ಧ ನೀರಿನಲ್ಲಿ ಕರಗಿಸಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ನೀರನ್ನು ಚೆಲ್ಲಿ ಉಳಿದದ್ದನ್ನು ಮಾತ್ರ ತೊಟ್ಟಿಗೆ ಹಾಕಬೇಕು. ಒಣ ಆಹಾರದ ಡಬ್ಬಿಯನ್ನು ತೇವ ಮತ್ತು ಶಾಖದಿಂದ ದೂರವಿಡಬೇಕು. ಕೊಬ್ಬು ಕಮಟಿದ ಆಹಾರ ಮೀನಿನ ಆರೋಗ್ಯಕ್ಕೆ ಹಾನಿಕರ. ದೊಡ್ಡ ಡಬ್ಬಿಗಿಂತ ಎರಡು ಮೂರು ತಿಂಗಳಲ್ಲಿ ಮುಗಿಯುವ ಸಣ್ಣ ಡಬ್ಬಿ ಕೊಳ್ಳುವುದು ಮೇಲು.

ವಿದ್ಯುತ್ ಕಡಿತದ ಸಮಯದಲ್ಲಿ ಆಹಾರ ನೀಡಬಾರದು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಪ್ರತಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ ಸಮುದ್ರನೀರು ಸುಮಾರು 6.7 ಮಿಲಿಗ್ರಾಂ ಮಾತ್ರ ಹಿಡಿಯಬಲ್ಲದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಮಾಲೂರಿನಂತಹ ಕಡೆ ವಾಯುಭಾರ ಕಡಿಮೆಯಿರುವುದರಿಂದ ಇದು ಇನ್ನೂ ಹತ್ತನೆಯ ಒಂದರಷ್ಟು ತಗ್ಗುತ್ತದೆ. ಆಹಾರ ಜೀರ್ಣಿಸಿಕೊಳ್ಳುವಾಗ ಮೀನಿಗೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಪಂಪು ನಿಂತ ತೊಟ್ಟಿಯಲ್ಲಿ ಅದು ದೊರೆಯುವುದಿಲ್ಲ. ಬ್ಯಾಟರಿಯಿಂದ ನಡೆಯುವ ಒಂದು ಗಾಳಿ ಪಂಪನ್ನು ಸಿದ್ಧವಾಗಿಟ್ಟುಕೊಳ್ಳುವುದು ಅಗತ್ಯ.

ಪಾಚಿಯ ವಿಧಗಳು

ತೊಟ್ಟಿಯಲ್ಲಿ ಕಾಣುವ ಪಾಚಿಯ ಬಗೆಯನ್ನು ಗುರುತಿಸಿದ ಮೇಲೆಯೇ ಪರಿಹಾರವನ್ನು ಆರಿಸಬೇಕು.

ಡಯಾಟಮ್: ಮರಳು ಮತ್ತು ಗಾಜಿನ ಮೇಲೆ ಕಂದು ಪುಡಿಯಂತೆ ಕಾಣುತ್ತದೆ. ಇವುಗಳ ಕೋಶಭಿತ್ತಿ ಸಿಲಿಕದಿಂದಾದುದು. ಹೊಸ ತೊಟ್ಟಿಯಲ್ಲಿ ಕೆಲವು ವಾರ ಕಾಣಿಸಿಕೊಂಡು ತಾನಾಗಿ ಇಳಿಯುತ್ತದೆ. ನೀರಿನ ಮೂಲಕ ಸಿಲಿಕ ಬರುತ್ತಲೇ ಇದ್ದರೆ ಇಳಿಯುವುದಿಲ್ಲ.

ಹಸಿರು ಪೊರೆ: ಗಾಜಿನ ಮೇಲೆ ಕಟ್ಟುವ ತೆಳುವಾದ ಹಸಿರು ಲೇಪ. ಇದು ಆರೋಗ್ಯವಂತ ತೊಟ್ಟಿಯಲ್ಲೂ ಇರುತ್ತದೆ. ವಾರಕ್ಕೆರಡು ಬಾರಿ ಒರೆಸಿದರೆ ಸಾಕು.

ಕೂದಲು ಪಾಚಿ: ಬಂಡೆಗಳ ಮೇಲೆ ಎಳೆಎಳೆಯಾಗಿ ಬೆಳೆಯುವ ಡರ್ಬೆಸಿಯ, ಬ್ರಯಾಪ್ಸಿಸ್ ಮೊದಲಾದವು. ಹೆಚ್ಚಿದ ಪೋಷಕಾಂಶದ ಸ್ಪಷ್ಟ ಸೂಚನೆ.

ಗುಳ್ಳೆ ಪಾಚಿ: ವ್ಯಾಲೋನಿಯ ಮತ್ತು ಅದರ ಬಂಧುಗಳು. ಹಸಿರು ಮಣಿಗಳಂತೆ ಕಾಣುತ್ತವೆ. ಬುಡಸಹಿತ ಕಿತ್ತು ಹೊರತೆಗೆಯಬೇಕು.

ಸಯನೋಬ್ಯಾಕ್ಟೀರಿಯಾ: ಕೆಂಪು ಅಥವಾ ನೇರಳೆ ಬಣ್ಣದ ಲೋಳೆಯ ಹಾಸು. ಇದು ನಿಜವಾದ ಪಾಚಿಯಲ್ಲ, ದ್ಯುತಿಸಂಶ್ಲೇಷಣೆ ನಡೆಸುವ ಬ್ಯಾಕ್ಟೀರಿಯಾ. ನೀರಿನ ಚಲನೆ ಕಡಿಮೆಯಿದ್ದು ಕಸ ನಿಲ್ಲುವ ಜಾಗಗಳಲ್ಲಿ ಹೆಚ್ಚು.

ಡೈನೋಫ್ಲಾಜೆಲೇಟ್: ಗಾಳಿಗುಳ್ಳೆಗಳನ್ನು ಹಿಡಿದಿಟ್ಟುಕೊಂಡ ಕಂದು ಲೋಳೆಯ ಎಳೆಗಳು. ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ಶೂನ್ಯಕ್ಕಿಳಿದ ತೊಟ್ಟಿಗಳಲ್ಲಿ ಇವು ಹಲವೊಮ್ಮೆ ಮೇಲುಗೈ ಪಡೆಯುತ್ತವೆ. ಆದ್ದರಿಂದ ಪೋಷಕಾಂಶವನ್ನು ಸಂಪೂರ್ಣ ಇಲ್ಲವಾಗಿಸುವುದು ಗುರಿಯಾಗಬಾರದು.

ಕೋರಲೈನ್ ಪಾಚಿ: ಬಂಡೆಗಳ ಮೇಲೆ ಗುಲಾಬಿ ಅಥವಾ ನೇರಳೆ ಬಣ್ಣದ ಗಟ್ಟಿ ಪದರ. ಕ್ಯಾಲ್ಸಿಯಂ ಕಾರ್ಬೊನೇಟನ್ನು ಶೇಖರಿಸುವ ಈ ಕೆಂಪು ಪಾಚಿ ಅಪೇಕ್ಷಣೀಯ. ಇದು ಆವರಿಸಿದ ಜಾಗದಲ್ಲಿ ಇತರ ಪಾಚಿಗಳು ಸುಲಭವಾಗಿ ನೆಲೆಯೂರುವುದಿಲ್ಲ.

ನಿಯಂತ್ರಣ ಕ್ರಮಗಳು

ಕೈಯಿಂದ ತೆಗೆಯುವುದು. ಪಾಚಿಯನ್ನು ಕಿತ್ತು ತೊಟ್ಟಿಯಿಂದ ಹೊರಹಾಕಿದಾಗ ಅದರಲ್ಲಿರುವ ಸಾರಜನಕ, ರಂಜಕಗಳೂ ಹೊರಹೋಗುತ್ತವೆ. ಉಜ್ಜಿ ನೀರಿನಲ್ಲೇ ಬಿಟ್ಟರೆ ಅದು ಕೊಳೆತು ಮತ್ತೆ ಗೊಬ್ಬರವಾಗುತ್ತದೆ.

ನೀರು ಬದಲಾವಣೆ. ವಾರಕ್ಕೆ ಶೇಕಡ 10ರಿಂದ 20ರಷ್ಟು ನೀರನ್ನು ಹೊಸ ಉಪ್ಪುನೀರಿನಿಂದ ಬದಲಾಯಿಸುವುದು ರೂಢಿ. ಇದರ ಮಿತಿಯನ್ನೂ ಅರಿಯಬೇಕು. ವಾರಕ್ಕೆ ಪ್ರತಿ ಲೀಟರಿಗೆ 5 ಮಿಲಿಗ್ರಾಂ ನೈಟ್ರೇಟ್ ಸೇರುವ ತೊಟ್ಟಿಯಲ್ಲಿ ವಾರಕ್ಕೆ ಶೇಕಡ 20ರಷ್ಟು ನೀರನ್ನು ಬದಲಿಸಿದರೆ, ಬದಲಾವಣೆಯ ಮುನ್ನ ಕಾಣುವ ಪ್ರಮಾಣ ಕೊನೆಗೆ 25 ಮಿಲಿಗ್ರಾಂನಲ್ಲಿ ನಿಲ್ಲುತ್ತದೆ. ಅಂದರೆ ಆಹಾರದ ಪ್ರಮಾಣವನ್ನು ಸರಿಪಡಿಸದೆ ನೀರು ಬದಲಾವಣೆಯೊಂದರಿಂದಲೇ ಪಾಚಿ ಹತೋಟಿಗೆ ಬರುವುದು ಕಷ್ಟ.

ಪ್ರೋಟೀನ್ ಸ್ಕಿಮ್ಮರ್. ಉಪ್ಪುನೀರಿನಲ್ಲಿ ಗಾಳಿಯ ಗುಳ್ಳೆಗಳು ಅತಿ ಸೂಕ್ಷ್ಮವಾಗಿರುತ್ತವೆ. ಅವುಗಳ ಮೈಗೆ ಅಂಟಿಕೊಂಡ ಸಾವಯವ ಪದಾರ್ಥಗಳು ನೊರೆಯಾಗಿ ಮೇಲೇರಿ ಬಟ್ಟಲಿನಲ್ಲಿ ಸಂಗ್ರಹವಾಗುತ್ತವೆ. ಕೊಳೆತು ನೈಟ್ರೇಟ್ ಆಗುವ ಮುನ್ನವೇ ಕಸವನ್ನು ತೆಗೆಯುವುದು ಇದರ ವಿಶೇಷ. ಇದರೊಂದಿಗೆ ನೀರಿಗೆ ಆಮ್ಲಜನಕವೂ ಸೇರುತ್ತದೆ.

ಬೇಕಾದ ಪಾಚಿಯನ್ನು ಬೆಳೆಸುವುದು. ಪಕ್ಕದ ಸಣ್ಣ ತೊಟ್ಟಿಯಲ್ಲಿ ಕೀಟೊಮಾರ್ಫ ಎಂಬ ಹಸಿರು ಕಡಲಪಾಚಿಯನ್ನು ಬೆಳೆಸಿ ಆಗಾಗ ಕೊಯ್ದು ತೆಗೆಯಲಾಗುತ್ತದೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಅಭಿವೃದ್ಧಿಪಡಿಸಿದ ‘ಪಾಚಿ ಹಾಸಿನ ಶೋಧಕ’ವೂ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ. ಬೆಳಕು ಬೀಳುವ ಜಾಲರಿಯ ಮೇಲೆ ನೀರನ್ನು ಹರಿಸಿ, ಅಲ್ಲಿ ಬೆಳೆದ ಪಾಚಿಯನ್ನು ಕೆರೆದು ತೆಗೆಯುವುದು ಅದರ ಕ್ರಮ. ಪಾಚಿ ಎಲ್ಲಿ ಬೆಳೆಯಬೇಕೆಂಬುದನ್ನು ಸಾಕುವವರೇ ನಿರ್ಧರಿಸುವುದು ಇದರ ಸಾರ.

ಮೇಯುವ ಜೀವಿಗಳು. ಟ್ರೋಕಸ್, ಟರ್ಬೊ, ಸೆರಿತ್ ಬಸವನಹುಳುಗಳು, ಸನ್ಯಾಸಿ ಏಡಿಗಳು, ಕಡಲ ಮುಳ್ಳುಚೆಂಡುಗಳು, ಸ್ಯಾಲರಿಯಾಸ್ ಬ್ಲೆನ್ನಿ ಮೊದಲಾದವು ಪಾಚಿಯನ್ನು ತಿನ್ನುತ್ತವೆ. ನಸ್ಸಾರಿಯಸ್ ಬಸವನಹುಳು ಉಳಿದ ಆಹಾರವನ್ನು ತಿನ್ನುತ್ತದೆಯೇ ಹೊರತು ಪಾಚಿಯನ್ನಲ್ಲ. ಇವು ಪಾಚಿಯನ್ನು ತಿಂದು ಮಲವಾಗಿ ನೀರಿಗೇ ಮರಳಿಸುವುದರಿಂದ ಪೋಷಕಾಂಶ ಹೊರಹೋಗದು ಎಂಬುದನ್ನು ಮರೆಯಬಾರದು. ಪಾಚಿ ಮುಗಿದ ಮೇಲೆ ಇವುಗಳಿಗೂ ಆಹಾರ ಬೇಕು.

ಬೆಳಕು ಮತ್ತು ನೀರಿನ ಚಲನೆ. ದಿನಕ್ಕೆ 8ರಿಂದ 10 ಗಂಟೆಗಳ ಬೆಳಕು ಸಾಕು. ಕಿಟಕಿಯ ನೇರ ಬಿಸಿಲು ಬೀಳುವಲ್ಲಿ ತೊಟ್ಟಿಯನ್ನು ಇರಿಸಬಾರದು. ಬಂಡೆಗಳ ಹಿಂದೆ ಕಸ ನಿಲ್ಲದಂತೆ ಪಂಪಿನ ದಿಕ್ಕನ್ನು ಹೊಂದಿಸಬೇಕು.

ರಾಸಾಯನಿಕ ವಿಧಾನಗಳು. ಕಬ್ಬಿಣದ ಆಕ್ಸೈಡಿನ ಹರಳುಗಳು ಫಾಸ್ಫೇಟನ್ನು ಹೀರಿಕೊಳ್ಳುತ್ತವೆ. ಇವನ್ನು ಸ್ವಲ್ಪ ಸ್ವಲ್ಪವಾಗಿ ಬಳಸಬೇಕು, ಏಕೆಂದರೆ ಫಾಸ್ಫೇಟ್ ಹಠಾತ್ತನೆ ಇಳಿದರೆ ಹವಳಗಳಿಗೆ ಧಕ್ಕೆಯಾಗುತ್ತದೆ. ತಾಮ್ರವಿರುವ ಪಾಚಿನಾಶಕಗಳು ಬಸವನಹುಳು, ಸೀಗಡಿ, ಹವಳ ಮೊದಲಾದ ಅಕಶೇರುಕಗಳನ್ನು ಕೊಲ್ಲುತ್ತವೆ. ಪಾಚಿಯನ್ನು ಒಮ್ಮೆಲೇ ಕೊಂದರೆ ಅದು ಕೊಳೆಯುವಾಗ ಆಮ್ಲಜನಕ ಬರಿದಾಗಿ ಮೀನುಗಳು ಸಾಯುವ ಸಂಭವವಿದೆ.

ಒಳನಾಡಿನಲ್ಲಿ ನೀರಿನ ಸಮಸ್ಯೆ

ಕರಾವಳಿಯಲ್ಲಿ ಸಮುದ್ರದ ನೀರನ್ನೇ ತಂದು ಬಳಸಲು ಸಾಧ್ಯ. ಕೋಲಾರ ಜಿಲ್ಲೆಯಲ್ಲಿ ಸಿಹಿನೀರಿಗೆ ಕೃತಕ ಸಮುದ್ರ ಉಪ್ಪನ್ನು ಕಲಸಿಯೇ ನೀರನ್ನು ತಯಾರಿಸಬೇಕು. ಸಮುದ್ರನೀರಿನ ಲವಣಾಂಶ ಸಾವಿರಕ್ಕೆ ಸುಮಾರು 35 ಭಾಗ. ಇದಕ್ಕೆ ಪ್ರತಿ ಲೀಟರ್ ನೀರಿಗೆ 35ರಿಂದ 38 ಗ್ರಾಂ ಉಪ್ಪಿನ ಮಿಶ್ರಣ ಬೇಕಾಗುತ್ತದೆ. ಅಡುಗೆಯ ಉಪ್ಪು ಇದಕ್ಕೆ ಒದಗುವುದಿಲ್ಲ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಮೊದಲಾದವು ಅಗತ್ಯ ಪ್ರಮಾಣದಲ್ಲಿ ಇರುವುದಿಲ್ಲ.

ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮನೆಬಳಕೆಗೆ ಹೆಚ್ಚಾಗಿ ಕೊಳವೆಬಾವಿಯ ನೀರನ್ನೇ ಅವಲಂಬಿಸಲಾಗಿದೆ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ನಿಂತ ಈ ನೀರಿನಲ್ಲಿ ಗಡಸುತನ, ಫ್ಲೋರೈಡ್ ಮತ್ತು ಶಿಲೆಯಿಂದ ಕರಗಿಬಂದ ಸಿಲಿಕ ಇರುತ್ತವೆ. ಗೊಬ್ಬರ ಹಾಗೂ ಕೊಳಚೆಯ ಪ್ರಭಾವವಿರುವ ಕಡೆ ನೈಟ್ರೇಟ್ ಸಹ ಸೇರುತ್ತದೆ. ಸಿಲಿಕ ಡಯಾಟಮ್‌ಗಳಿಗೂ ನೈಟ್ರೇಟ್ ಹಸಿರು ಪಾಚಿಗೂ ನೇರವಾಗಿ ಪೋಷಣೆ ನೀಡುತ್ತವೆ.

ಭಾರತೀಯ ಮಾನಕ ಬ್ಯೂರೋದ ಐ.ಎಸ್. 10500 ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಪ್ರತಿ ಲೀಟರಿಗೆ 45 ಮಿಲಿಗ್ರಾಂವರೆಗೆ ಇರಬಹುದು. ಮನುಷ್ಯರು ಕುಡಿಯಲು ಒಪ್ಪಿತವಾದ ಈ ಪ್ರಮಾಣ ಅಕ್ವೇರಿಯಂಗೆ ಬಹಳ ಹೆಚ್ಚು. ಮೇಲೆ ಹೇಳಿದ ತೊಟ್ಟಿಯಲ್ಲಿಯೇ, ಬದಲಿಸುವ ನೀರಿನಲ್ಲಿ 45 ಮಿಲಿಗ್ರಾಂ ನೈಟ್ರೇಟ್ ಇದ್ದರೆ ಪ್ರಮಾಣವು 25ರ ಬದಲು 70 ಮಿಲಿಗ್ರಾಂನಲ್ಲಿ ನಿಲ್ಲುತ್ತದೆ. ಅಂತಹ ತೊಟ್ಟಿಯಲ್ಲಿ ಎಷ್ಟು ಶ್ರದ್ಧೆಯಿಂದ ನೀರು ಬದಲಿಸಿದರೂ ಪಾಚಿ ಹೋಗದು.

ಆವಿಯಾಗುವಿಕೆಯಿಂದ ಇದು ಇನ್ನಷ್ಟು ಹೆಚ್ಚುತ್ತದೆ. ತೊಟ್ಟಿಯಿಂದ ನೀರು ಮಾತ್ರ ಆವಿಯಾಗಿ ಉಪ್ಪು ಉಳಿಯುವುದರಿಂದ ಕಡಿಮೆಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು. ಬೇಸಿಗೆಯಲ್ಲಿ 200 ಲೀಟರ್ ತೊಟ್ಟಿಯಿಂದ ದಿನಕ್ಕೆ 2 ಲೀಟರ್ ಆವಿಯಾಗುತ್ತದೆಂದು ಭಾವಿಸಿದರೆ ತಿಂಗಳಿಗೆ 60 ಲೀಟರ್ ಸೇರಿಸಬೇಕಾಗುತ್ತದೆ. ಆ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಇದ್ದರೆ, ಮೀನಿಗೆ ಒಂದು ಕಾಳು ಆಹಾರವನ್ನೂ ಹಾಕದೆಯೇ, ತೊಟ್ಟಿಯ ನೈಟ್ರೇಟ್ ತಿಂಗಳಿಗೆ 13.5 ಮಿಲಿಗ್ರಾಂ ಏರುತ್ತದೆ. ಪಾಚಿ ಹೆಚ್ಚಿತೆಂದು ಮೀನುಗಳನ್ನು ಉಪವಾಸ ಕೆಡವುವ ಮುನ್ನ ಮೂಲದ ನೀರನ್ನು ಪರೀಕ್ಷಿಸಬೇಕೆಂಬುದಕ್ಕೆ ಇದೇ ಕಾರಣ.

ಪರಿಹಾರವಾಗಿ ಆರ್.ಒ. ಶೋಧಕದ ನೀರನ್ನು ಬಳಸಲಾಗುತ್ತದೆ. ಊರುಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕಗಳ ನೀರೂ ಇದೇ ವಿಧಾನದಿಂದ ತಯಾರಾಗುತ್ತದೆ. ಆದರೆ ಅದು ಕುಡಿಯಲು ತಕ್ಕಂತೆ ಸ್ವಲ್ಪ ಲವಣವನ್ನು ಉಳಿಸಿಕೊಂಡಿರುತ್ತದೆ. ಘಟಕದ ಪೊರೆ ಹಳೆಯದಾದಂತೆ ಗುಣಮಟ್ಟ ಬದಲಾಗುತ್ತದೆ. ಆದ್ದರಿಂದ ಪ್ರತಿ ಬಾರಿಯೂ ಟಿ.ಡಿ.ಎಸ್. ಮೀಟರಿನಿಂದ ಅಳೆದು ನೋಡಬೇಕು. ಕರಗಿದ ಸಿಲಿಕದ ಒಂದು ಪಾಲು ಆರ್.ಒ. ಪೊರೆಯನ್ನು ದಾಟಿ ಬರಬಹುದು. ಅದನ್ನು ತಡೆಯಲು ಅಯಾನು ವಿನಿಮಯ ರಾಳದ ಮತ್ತೊಂದು ಹಂತವನ್ನು ಸೇರಿಸಲಾಗುತ್ತದೆ. ಶೋಧಕದಿಂದ ಹೊರಬರುವ ತ್ಯಾಜ್ಯ ನೀರನ್ನು, ಅದರ ಲವಣಾಂಶವನ್ನು ಗಮನಿಸಿ, ನೆಲ ಒರೆಸಲು ಅಥವಾ ಶೌಚಾಲಯಕ್ಕೆ ಬಳಸಬಹುದು.

ಮಳೆನೀರು ಸಹ ಮೃದುವಾದ ನೀರು. ಹೆಂಚಿನ ತಯಾರಿಕೆಗೆ ಹೆಸರಾದ ಮಾಲೂರಿನಲ್ಲಿ ಹೆಂಚಿನ ಮಾಡಿನಿಂದ ಮಳೆನೀರನ್ನು ಹಿಡಿಯುವವರು ಮೊದಲ ಮಳೆಗಳನ್ನು ಬಿಟ್ಟು, ಹಕ್ಕಿಗಳ ಹಿಕ್ಕೆ ಮತ್ತು ಹಾವಸೆ ಸೇರದಂತೆ ಎಚ್ಚರ ವಹಿಸಬೇಕು. ಹಿಕ್ಕೆಯಲ್ಲಿ ಫಾಸ್ಫೇಟ್ ಹೇರಳವಾಗಿದೆ. ನೀರನ್ನು ತಾಮ್ರದ ಹಂಡೆ ಅಥವಾ ಹಿತ್ತಾಳೆಯ ಕೊಳಗದಲ್ಲಿ ಸಂಗ್ರಹಿಸಬಾರದು. ಆಹಾರದರ್ಜೆಯ ಪ್ಲಾಸ್ಟಿಕ್ ಡ್ರಮ್ಮು ಸೂಕ್ತ.

ಕೆರೆಯೊಂದಿಗೆ ಹೋಲಿಕೆ

ಪೋಷಕಾಂಶ ಮತ್ತು ಪಾಚಿಗಳ ಸಂಬಂಧ ಕೋಲಾರ ಜಿಲ್ಲೆಯ ಕೆರೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣಸಿಗುತ್ತದೆ. ಕೆರೆ ಮೀನುಸಾಕಣೆಯಲ್ಲಿ ಸಗಣಿ ಮತ್ತು ಸೂಪರ್ ಫಾಸ್ಫೇಟನ್ನು ಉದ್ದೇಶಪೂರ್ವಕವಾಗಿ ಹಾಕಿ ನೀರನ್ನು ಹಸಿರಾಗಿಸುವ ಕ್ರಮವಿದೆ. ಈ ಹಸಿರು ಸೂಕ್ಷ್ಮ ಪಾಚಿಯೇ ಬೆಳ್ಳಿಗೆಂಡೆಯಂತಹ ಮೀನುಗಳ ಆಹಾರ. ಅದನ್ನು ತಿನ್ನುವ ಪ್ರಾಣಿಪ್ಲವಕಗಳು ಕಾಟ್ಲದ ಆಹಾರ. ಮೀನನ್ನು ಹಿಡಿದು ಮಾರಿದಾಗ ಪೋಷಕಾಂಶವೂ ಕೆರೆಯಿಂದ ಹೊರಹೋಗುತ್ತದೆ. ಅಕ್ವೇರಿಯಂನಲ್ಲಿ ಮೀನನ್ನು ಹಿಡಿದು ಹೊರತೆಗೆಯುವುದಿಲ್ಲವಾದ್ದರಿಂದ ಆ ಕೆಲಸವನ್ನು ಸ್ಕಿಮ್ಮರ್, ನೀರು ಬದಲಾವಣೆ ಮತ್ತು ಪಾಚಿಯ ಕೊಯ್ಲು ಮಾಡಬೇಕು.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಯನ್ನು ತಲುಪಿತು. ಎರಡನೆಯ ಹಂತದವರೆಗೆ ಸಂಸ್ಕರಿಸಿದ ಕೊಳಚೆ ನೀರಿನಲ್ಲಿ ಕೊಳೆಯುವ ಪದಾರ್ಥಗಳು ಬಹುಮಟ್ಟಿಗೆ ಹೋಗಿದ್ದರೂ ಸಾರಜನಕ ಮತ್ತು ರಂಜಕಗಳು ಒಂದಿಷ್ಟು ಉಳಿದಿರುವುದು ಸಾಮಾನ್ಯ. ತಿಳಿಯಾಗಿ ಕಾಣುವ ನೀರು ಪೋಷಕಾಂಶರಹಿತವೆಂದು ಭಾವಿಸಬಾರದೆಂಬ ಪಾಠ ಕೆರೆಗೂ ತೊಟ್ಟಿಗೂ ಸಮಾನ.

ಕಾನೂನು ಮತ್ತು ಪರಿಸರ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಬಂಡೆ ಕಟ್ಟುವ ಹವಳಗಳು ಮತ್ತು ಕಡಲಕುದುರೆಗಳು ಸೇರಿವೆ. ಕರ್ನಾಟಕದ ನೇತ್ರಾಣಿ ದ್ವೀಪ ಸೇರಿದಂತೆ ಭಾರತದ ಯಾವುದೇ ಕಡಲಿನಿಂದ ಇವನ್ನು ತೆಗೆಯುವುದು, ಮಾರುವುದು ಶಿಕ್ಷಾರ್ಹ. ತೊಟ್ಟಿಗೆ ಸುಣ್ಣಕಲ್ಲು ಅಥವಾ ಕೃತಕ ಬಂಡೆಯನ್ನು ಬಳಸಿ, ಅದರ ಮೇಲೆ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಕಾಲಾವಕಾಶ ನೀಡುವುದು ಸರಿಯಾದ ಮಾರ್ಗ. ಮೀನುಗಳಲ್ಲಿಯೂ ಸಾಕಣೆಯಲ್ಲಿ ಮರಿಮಾಡಿಸಿದವನ್ನು ಆರಿಸುವುದು ಉತ್ತಮ. ಅವು ಗುಳಿಗೆ ಆಹಾರಕ್ಕೆ ಹೊಂದಿಕೊಂಡಿರುವುದರಿಂದ ಆಹಾರದ ವ್ಯರ್ಥವೂ ಕಡಿಮೆ.

ಬದಲಿಸಿ ತೆಗೆದ ಉಪ್ಪುನೀರಿನ ವಿಲೇವಾರಿಗೂ ಗಮನ ಕೊಡಬೇಕು. 20 ಲೀಟರ್ ಉಪ್ಪುನೀರಿನಲ್ಲಿ ಸುಮಾರು 700 ಗ್ರಾಂ ಉಪ್ಪಿರುತ್ತದೆ. ಅದನ್ನು ತೋಟ, ಕೆರೆ, ರಾಜಕಾಲುವೆ, ಬಾವಿ ಅಥವಾ ಮಳೆನೀರು ಇಂಗುಗುಂಡಿಗೆ ಬಿಡಬಾರದು. ಅಂತರ್ಜಲವೇ ಆಧಾರವಾದ ಪ್ರದೇಶದಲ್ಲಿ ಇದು ವಿಶೇಷವಾಗಿ ಮುಖ್ಯ. ಒಳಚರಂಡಿ ಇರುವಲ್ಲಿ ಅದಕ್ಕೆ ಸೇರಿಸಬೇಕು.

ಸಾಮಾನ್ಯ ತಪ್ಪುಗಳು

ಪಾಚಿ ಕಂಡೊಡನೆ ಆಹಾರವನ್ನು ಪೂರ್ತಿಯಾಗಿ ನಿಲ್ಲಿಸುವುದು. ಬಂಡೆಗಳಲ್ಲಿ ಸೇರಿದ ಫಾಸ್ಫೇಟ್ ವಾರಗಟ್ಟಲೆ ಹೊರಬರುತ್ತಿರುವುದರಿಂದ ಪಾಚಿ ಉಳಿಯುತ್ತದೆ, ಮೀನು ಸೊರಗುತ್ತದೆ.

ಪರೀಕ್ಷೆಯಲ್ಲಿ ನೈಟ್ರೇಟ್ ಕಡಿಮೆ ಬಂದುದರಿಂದ ಪೋಷಕಾಂಶ ಇಲ್ಲವೆಂದು ತಿಳಿಯುವುದು. ದಟ್ಟವಾಗಿ ಬೆಳೆದ ಪಾಚಿಯೇ ಅದನ್ನು ಹೀರಿಕೊಂಡಿರಬಹುದು.

ಆವಿಯಾದಷ್ಟು ನೀರಿನ ಬದಲು ಉಪ್ಪುನೀರನ್ನೇ ತುಂಬುವುದು. ಇದರಿಂದ ಲವಣಾಂಶ ದಿನೇ ದಿನೇ ಏರುತ್ತದೆ.

ಶೋಧಕದ ಸ್ಪಂಜನ್ನು ತಿಂಗಳುಗಟ್ಟಲೆ ತೊಳೆಯದಿರುವುದು. ಅದರಲ್ಲಿ ಸಿಕ್ಕ ಆಹಾರ ಅಲ್ಲಿಯೇ ಕೊಳೆಯುತ್ತದೆ.

ಊರಿಗೆ ಹೋಗುವಾಗ ನೆರೆಯವರ ಕೈಗೆ ಆಹಾರದ ಡಬ್ಬಿಯನ್ನೇ ಕೊಡುವುದು. ಅದರ ಬದಲು ದಿನಕ್ಕೊಂದರಂತೆ ಅಳೆದ ಪೊಟ್ಟಣಗಳನ್ನು ಕಟ್ಟಿಡಬೇಕು. ಆರೋಗ್ಯವಂತ ಬೆಳೆದ ಮೀನುಗಳು ಎರಡು ಮೂರು ದಿನ ಆಹಾರವಿಲ್ಲದೆಯೂ ಇರಬಲ್ಲವು.